ಶೂಟ್‌ನಲ್ಲಿ ಮೇಕಪ್ ಇಷ್ಟವಾಗದಿದ್ದರೆ ಒರೆಸಿಕೊಳ್ಳಬಹುದಾ?

ಓದುಗರ ಪ್ರಶ್ನೆ: ಸೀರೆ ಕ್ಯಾಟಲಾಗ್ ಶೂಟ್‌ಗೆ ಹೋಗಿದ್ದೆ. ಮೇಕಪ್ ಮುಗಿಸಿ ಕನ್ನಡಿ ನೋಡಿದರೆ ಅದು ನನ್ನ ಮುಖವೇ ಅಲ್ಲ. ಬಾತ್‌ರೂಮಿಗೆ ಹೋಗಿ ಸ್ವಲ್ಪ ಒರೆಸಿಕೊಂಡೆ. ತಪ್ಪಾ?

ತಪ್ಪು. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಒಮ್ಮೆ ಸೀರೆ, ಒಮ್ಮೆ ಒಡವೆ, ಬಾತ್‌ರೂಮ್ ಮಾತ್ರ ಅದೇ. ಟಿಶ್ಯೂ ತಗೊಂಡು ಉಜ್ಜಿದರೆ ಫೌಂಡೇಶನ್ ತೇಪೆ ತೇಪೆಯಾಗುತ್ತದೆ, ಕುತ್ತಿಗೆಗೂ ಕೆನ್ನೆಗೂ ಬಣ್ಣ ಹೊಂದುವುದಿಲ್ಲ. ಬೆಳಗಿನ ಫೋಟೋದಲ್ಲಿ ಒಂದು ಮುಖ, ಮಧ್ಯಾಹ್ನದ್ದರಲ್ಲಿ ಇನ್ನೊಂದು. ಎಲ್ಲವೂ ಒಂದೇ ಕ್ಯಾಟಲಾಗಿಗೆ ಹೋಗಬೇಕಲ್ವಾ?

ಇದಕ್ಕೆಲ್ಲ ಮೂಲ ಒಂದು ನಂಬಿಕೆ: ಕನ್ನಡಿಯಲ್ಲಿ ಕಂಡದ್ದೇ ಫೋಟೋದಲ್ಲೂ ಬರುತ್ತದೆ ಅನ್ನುವುದು. ಬರುವುದಿಲ್ಲ ರೀ. ಎಷ್ಟು ಸಲ ಹೇಳಲಿ?

ಮೊದಲು ಬೆಳಕು ನೋಡಿ. ಮೇಕಪ್ ರೂಮಿನಲ್ಲಿ ಹಳದಿ ಬಲ್ಬ್ ಇದ್ದರೆ ಅದರ ಬೆಳಕು ಸುಮಾರು 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ ಇದು, ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ). ಸ್ಟುಡಿಯೋ ಫ್ಲಾಶ್ ಸುಮಾರು 5500, ಹೆಚ್ಚುಕಡಿಮೆ ನಡುಹಗಲಿನ ಬಿಸಿಲಿನ ಬಣ್ಣ. ಒಂದೇ ಲಿಪ್‌ಸ್ಟಿಕ್ ಎರಡು ಕಡೆ ಎರಡು ಥರ ಕಾಣುತ್ತದೆ. ಅದರ ಮೇಲೆ ಎದುರಿನಿಂದ ದೊಡ್ಡ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೃದುಮಾಡುವ ಬಿಳಿ ಬಟ್ಟೆಯ ಪೆಟ್ಟಿಗೆ) ಇಟ್ಟರೆ ಮುಖದ ನೆರಳೆಲ್ಲ ಅಳಿಸಿಹೋಗುತ್ತದೆ. ಮೂಗು, ಕೆನ್ನೆ ಎಲ್ಲ ಚಪ್ಪಟೆ. ಅದಕ್ಕೇ ಕಾಂಟೂರ್, ಅಂದರೆ ನೆರಳಿನ ಹಾಗೆ ಕಾಣುವ ಕಂದು ಬಣ್ಣ, ಗಾಢವಾಗಿ ಹಾಕುವುದು. ನಿಮ್ಮ ಮೇಲೆ ಸಿಟ್ಟಿಗಲ್ಲ!

ದೂರವನ್ನೂ ಲೆಕ್ಕ ಹಾಕಿ. ಕನ್ನಡಿಗೆ ಮೂಗು ತಾಗಿಸಿ ನೋಡುತ್ತೀರಿ. ಕ್ಯಾಮೆರಾ ಸೆರಗಿನಿಂದ ನೆರಿಗೆವರೆಗೆ ಇಡೀ ಸೀರೆ ತೆಗೆಯುತ್ತದೆ, ಅದರಲ್ಲಿ ಮುಖ ಒಂದು ಸಣ್ಣ ಭಾಗ. ಮನೆಯ ಕಾಡಿಗೆ, ಮನೆಯ ಲಿಪ್‌ಸ್ಟಿಕ್ ಅಲ್ಲಿ ಕಾಣುವುದೇ ಇಲ್ಲ. ಸಾಲದ್ದಕ್ಕೆ ಕನ್ನಡಿ ಎಡ ಬಲ ಅದಲುಬದಲು ಮಾಡುತ್ತದೆ. ನಮಗೆ ಅಭ್ಯಾಸವಾಗಿರುವುದು ಆ ತಿರುಗಿದ ಮುಖವೇ. ಹಾಗಾಗಿ ಫೋಟೋ ನೋಡಿ ‘ಹುಬ್ಬು ಸೊಟ್ಟ’ ಅನ್ನುವವರಲ್ಲಿ ಎಷ್ಟೋ ಜನರದ್ದು ಹುಬ್ಬಿನ ತೊಂದರೆಯೇ ಅಲ್ಲ.

ಉಲ್ಟಾ ಕೂಡ ಆಗುತ್ತದೆ. ಕನ್ನಡಿಯಲ್ಲಿ ಚಂದ ಕಂಡ ಮುಖ ಫ್ಲಾಶ್ ಬಿದ್ದ ಕೂಡಲೇ ಬೂದಿ ಬಳಿದ ಹಾಗೆ ಬೆಳ್ಳಗಾಗಬಹುದು. ಸಿಲಿಕಾ ಇರುವ ಪೌಡರ್, ಝಿಂಕ್ ಆಕ್ಸೈಡ್ ಅಥವಾ ಟೈಟೇನಿಯಂ ಡೈಆಕ್ಸೈಡ್ ಇರುವ ಸನ್‌ಸ್ಕ್ರೀನ್ ಬೆಳಕನ್ನು ಹಿಂದಕ್ಕೆ ಎಸೆಯುವುದರಿಂದ ಹೀಗೆ. ಮನೆಯಿಂದಲೇ ಸನ್‌ಸ್ಕ್ರೀನ್ ಹಚ್ಚಿಕೊಂಡು ಹೋಗಿದ್ದರೆ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಡಿ.

ಹಾಗಾದರೆ ಏನು ಮಾಡಬೇಕು? ‘ಒಂದು ಟೆಸ್ಟ್ ಶಾಟ್ ನೋಡೋಣವಾ?’ ಅಂತ ಕೇಳಿ. ಅದನ್ನು ಕ್ಯಾಮೆರಾ ಹಿಂದಿನ ಪುಟ್ಟ ಪರದೆಯಲ್ಲಲ್ಲ, ಮಾನಿಟರಿನಲ್ಲಿ ನೋಡಿ. ಆಗಲೂ ಸರಿ ಅನ್ನಿಸದಿದ್ದರೆ ಮೇಕಪ್ ಮಾಡಿದವರಿಗೇ ಮೆಲ್ಲಗೆ ಹೇಳಿ, ಕ್ಲೈಂಟ್ ಎದುರಿಗೆ ಬೇಡ. ‘ಚೆನ್ನಾಗಿಲ್ಲ’ ಅಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ‘ಮುಖ ಕುತ್ತಿಗೆಗಿಂತ ತಿಳಿಯಾಗಿದೆ’ ಅಂದರೆ ಎರಡು ನಿಮಿಷದ ಕೆಲಸ. ಕ್ಲೈಂಟ್ ಒಪ್ಪಿದ ಲುಕ್ಕೇ ಅದಾಗಿದ್ದರೆ ಸುಮ್ನೆ ನಿಲ್ಲಿ. ಮಾರುತ್ತಿರುವುದು ಸೀರೆ. ನಿಮ್ಮದೇ ಪೋರ್ಟ್‌ಫೋಲಿಯೋ ಆದರೆ ಮಾತು ಬೇರೆ. ಅಲ್ಲಿ ಹಿಂದಿನ ದಿನವೇ ನಿಮಗೆ ಬೇಕಾದ ಲುಕ್‌ನ ಫೋಟೋ ಕಳಿಸಿಬಿಡಿ.

ಎರಡು ಕಡೆ ಮಾತ್ರ ಸುಮ್ಮನಿರಬೇಡಿ. ಚರ್ಮ ಉರಿದರೆ, ಕಣ್ಣಿಗೆ ಬೇರೆಯವರ ಮಸ್ಕರಾ ಬ್ರಶ್ ಬಂದರೆ ತಕ್ಷಣ ನಿಲ್ಲಿಸಿ. ಒಮ್ಮೆ ಬಳಸಿ ಬಿಸಾಡುವ ಬ್ರಶ್ ಸಿಗುತ್ತದೆ, ಕೇಳಿ. ಇನ್ನೊಂದು, ಎಣ್ಣೆಗಪ್ಪು ಮುಖಕ್ಕೆ ಎರಡು ಶೇಡ್ ಬಿಳಿ ಬಳಿಯುವುದು. ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರು ಬದಲಿಸಿಕೊಂಡಿತು, ಕೆಲವರ ಮೇಕಪ್ ಪೆಟ್ಟಿಗೆ ಇನ್ನೂ ಬದಲಾಗಿಲ್ಲ. ದವಡೆಯ ಹತ್ತಿರ ಬಣ್ಣ ಹೊಂದಿಸಿ ನೋಡಲು ಹೇಳಿ.

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಹಿಂದಿ ಸಿನಿಮಾ ಸೆಟ್‌ಗಳಲ್ಲಿ ಬಹಳ ಕಾಲ ನಾಯಕಿಗೂ ಗಂಡಸರೇ ಮೇಕಪ್ ಮಾಡುತ್ತಿದ್ದದ್ದು ಯಾಕೆ ಗೊತ್ತಾ? ಮುಂಬೈನ ಮೇಕಪ್ ಕಲಾವಿದರ ಸಂಘ ಹೆಂಗಸರಿಗೆ ಮೇಕಪ್ ಕಾರ್ಡ್, ಅಂದರೆ ಮೇಕಪ್ ಕೆಲಸಕ್ಕೆ ಬೇಕಾದ ಸದಸ್ಯತ್ವ, ಕೊಡುತ್ತಿರಲಿಲ್ಲ. ಕೂದಲಿನ ಕೆಲಸ ಮಾತ್ರ ಮಾಡಬಹುದಿತ್ತು. ಮೇಕಪ್ ಕಲಾವಿದೆ ಚಾರು ಖುರಾನಾ ಮತ್ತು ಇತರರು ಸುಪ್ರೀಂ ಕೋರ್ಟ್‌ವರೆಗೆ ಹೋದರು, 2014ರ ನವೆಂಬರ್‌ನಲ್ಲಿ ಕೋರ್ಟ್ ಆ ನಿಯಮ ರದ್ದು ಮಾಡಿತು. ದೊಡ್ಡ ಶೂಟ್‌ಗಳಲ್ಲಿ ಈಗಲೂ ಕೂದಲಿಗೆ ಒಬ್ಬರು, ಮುಖಕ್ಕೆ ಒಬ್ಬರು ಇರುತ್ತಾರೆ. ಜಡೆ ಬಗ್ಗೆ ದೂರಿದ್ದರೆ ದಯವಿಟ್ಟು ಮೇಕಪ್‌ನವರ ಹತ್ತಿರ ಹೇಳಬೇಡಿ.