ಎರಡು ಚೀಟಿ, ಎರಡು ಕೆಲಸ

ಸರ್ವೆಗೆ ಹೋಗಿ ಜಾತಿಭೇದದ ಬಗ್ಗೆ ನೇರವಾಗಿ ಕೇಳಿದರೆ ನಮಗೆ ಜಾಸ್ತಿ ಸಿಗುವ ಉತ್ತರ ಒಂದೇ: "ಅಯ್ಯೋ, ಈಗ ಅದೆಲ್ಲ ಎಲ್ಲಿದೆ ಮೇಡಂ?" ಬಾಗಿಲಿಗೆ ಬಂದ ಗುರುತಿಲ್ಲದವರ ಮುಂದೆ ಮತ್ತೇನು ಹೇಳಬೇಕು? ಜನರನ್ನು ಸುಳ್ಳುಗಾರರು ಅನ್ನಲಾರೆ. ನಮ್ಮ ಪ್ರಶ್ನೆಯೇ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಿರುತ್ತದೆ. ಇಂಥ ಕಡೆ ಸ್ಯಾಂಪಲ್ ದೊಡ್ಡದು ಮಾಡಿದರೆ ಅದೇ ಉತ್ತರ ಇನ್ನಷ್ಟು ಬಾಯಿಂದ ಬರುತ್ತದೆ, ಅಷ್ಟೇ.

ಇದಕ್ಕೊಂದು ಒಳ್ಳೆಯ ದಾರಿ ಇದೆ. ಸರ್ವೆಯ ಹೊಟ್ಟೆಯೊಳಗೇ ಒಂದು ಪ್ರಯೋಗ ಇಡುವುದು.

1991ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಫೋನ್ ಸರ್ವೆ ನೋಡಿ. ಒಂದು ಗುಂಪಿನವರಿಗೆ ಮೂರು ವಿಷಯ ಓದಿದರು: ಪೆಟ್ರೋಲ್ ತೆರಿಗೆ ಏರುವುದು, ಆಟಗಾರರಿಗೆ ಕೋಟಿಗಟ್ಟಲೆ ಹಣ ಸಿಗುವುದು, ದೊಡ್ಡ ಕಂಪನಿಗಳು ಪರಿಸರ ಕೆಡಿಸುವುದು. "ಇವುಗಳಲ್ಲಿ ಎಷ್ಟು ನಿಮಗೆ ಸಿಟ್ಟು ತರಿಸುತ್ತವೆ? ಯಾವುವು ಅಂತ ಹೇಳಬೇಡಿ, ಎಷ್ಟು ಅಂತ ಹೇಳಿ ಸಾಕು." ಇನ್ನೊಂದು ಗುಂಪಿಗೆ ಇದೇ ಪಟ್ಟಿ, ಜೊತೆಗೆ ನಾಲ್ಕನೆಯ ಸಾಲು: ಪಕ್ಕದ ಮನೆಗೆ ಕರಿಯರ ಕುಟುಂಬ ಬರುವುದು. ಯಾರು ಯಾವ ಗುಂಪು ಅನ್ನುವುದು ಚೀಟಿ ಎತ್ತಿದ ಹಾಗೆ ತೀರ್ಮಾನ. ದಕ್ಷಿಣ ರಾಜ್ಯಗಳ ಬಿಳಿಯರಲ್ಲಿ ಮೊದಲ ಗುಂಪಿನ ಸರಾಸರಿ 1.95, ಎರಡನೆಯದು 2.37. ವ್ಯತ್ಯಾಸ 0.42. ಎರಡು ಪಟ್ಟಿಗೂ ಬೇರೆ ಇದ್ದದ್ದು ಆ ಒಂದು ಸಾಲು ಮಾತ್ರ. ಅಂದರೆ ನೂರರಲ್ಲಿ ಸುಮಾರು 42 ಮಂದಿಗೆ ಆ ನಾಲ್ಕನೆಯ ಸಾಲು ಸಿಟ್ಟು ತರಿಸಿತ್ತು. ಯಾರೊಬ್ಬರ ಗುಟ್ಟೂ ಬಯಲಾಗಲಿಲ್ಲ. ಒಟ್ಟು ಸತ್ಯ ಮಾತ್ರ ಹೊರಬಂತು. ನನಗೆ ಈಗಲೂ ಈ ಉಪಾಯ ಕಂಡರೆ ಬೆರಗು.

ಇಲ್ಲಿ ಚೀಟಿ ಎತ್ತಿದ್ದು ಎರಡು ಸಲ, ಗಮನಿಸಿದಿರಾ? ಯಾರನ್ನು ಕೇಳಬೇಕು ಅನ್ನುವುದಕ್ಕೆ ಒಂದು. ಅದರಿಂದ ಕೆಲವರ ಉತ್ತರ ಇಡೀ ಸೀಮೆಯ ಉತ್ತರವಾಗುತ್ತದೆ. ಯಾರಿಗೆ ಯಾವ ಪ್ರಶ್ನೆ ಅನ್ನುವುದಕ್ಕೆ ಇನ್ನೊಂದು. ಅದರಿಂದ ವ್ಯತ್ಯಾಸಕ್ಕೆ ಕಾರಣ ಇದೇ ಅಂತ ಧೈರ್ಯವಾಗಿ ಹೇಳಬಹುದು. ಹೊಸಬರು ಇವೆರಡನ್ನು ಒಂದೇ ಅಂದುಕೊಳ್ಳುತ್ತಾರೆ. ಕಾಲೇಜಿನ ಒಂದು ತರಗತಿಯಲ್ಲಿ ಪ್ರಯೋಗ ಮಾಡಿ ರಾಜ್ಯದ ಜನರ ಮನಸ್ಸು ಹೀಗಿದೆ ಅನ್ನುವ ತಪ್ಪು ಇಲ್ಲಿಂದಲೇ ಹುಟ್ಟುವುದು.

ನಮ್ಮ ದೇಶದ್ದೇ ಉದಾಹರಣೆ ಪಶ್ಚಿಮ ಬಂಗಾಳದ ಬೀರಭೂಮ್ ಜಿಲ್ಲೆಯದು. ಊರಿನವರಿಗೆ ಪಂಚಾಯಿತಿ ಪ್ರಧಾನರ ಭಾಷಣ ಕೇಳಿಸಿದರು. ಮಾತು ಒಂದೇ, ಕೆಲವರಿಗೆ ಗಂಡು ದನಿ, ಕೆಲವರಿಗೆ ಹೆಣ್ಣು ದನಿ. ಮಹಿಳಾ ಮೀಸಲಾತಿ ಬಂದಿರದ ಊರುಗಳಲ್ಲಿ ಗಂಡಸರು ಹೆಣ್ಣು ದನಿಗೆ ಕಡಿಮೆ ಅಂಕ ಕೊಟ್ಟರು. ಮಹಿಳಾ ಪ್ರಧಾನರನ್ನು ಕಂಡಿದ್ದ ಊರುಗಳಲ್ಲಿ ಆ ಅಂತರ ಬಹುಪಾಲು ಮಾಯವಾಗಿತ್ತು. 2009ರಲ್ಲಿ ಈ ಅಧ್ಯಯನ ಪ್ರಕಟವಾಯಿತು.

ಅಮೆರಿಕದ ಆ ಸರ್ವೆಯ ಹಾಗೆ ಪಟ್ಟಿ ಓದಿ "ಎಷ್ಟು" ಅಂತ ಕೇಳುವವರಿಗೆ ಎರಡು ಮಾತು. ಗುಟ್ಟು ಕಾಯುವುದಕ್ಕೆ ಬೆಲೆ ಇದೆ: ನೇರ ಪ್ರಶ್ನೆಗಿಂತ ತುಂಬಾ ಜಾಸ್ತಿ ಜನರನ್ನು ಮಾತಾಡಿಸಬೇಕು, ಇಲ್ಲದಿದ್ದರೆ ಅಂಕಿ ಅಲ್ಲಾಡುತ್ತದೆ. ಎಲ್ಲರಿಗೂ ಸಿಟ್ಟು ಬರುವ ವಿಷಯಗಳನ್ನೇ ಪಟ್ಟಿಗೆ ಹಾಕಲೂಬಾರದು. "ನಾಲ್ಕೂ" ಅಂದ ಕೂಡಲೇ ಗುಟ್ಟು ರಟ್ಟಾಯಿತಲ್ವಾ? ಸರ್ವೆ ಮಾಡುವ ಹುಡುಗ ಹುಡುಗಿಯರಿಗೆ ತರಬೇತಿ ಕೊಡುವಾಗ ನಾನು ಹೆಚ್ಚು ಹೊತ್ತು ಕಳೆಯುವುದು ಒಂದೇ ವಿಷಯಕ್ಕೆ. "ಎರಡು" ಅಂತ ಉತ್ತರ ಬಂದಾಗ, ಅಭ್ಯಾಸಬಲದಿಂದ "ಯಾವ ಎರಡು?" ಅಂತ ಕೇಳಿಬಿಡಬೇಡಿ.