ಹಂಪಿಗೆ ಬಂದವರು ಬರೆದದ್ದು: ಕಂಡದ್ದೆಷ್ಟು, ಕೇಳಿದ್ದೆಷ್ಟು?

ವಿಜಯನಗರದ ಪಾಠ ಬಂದರೆ ವಿದೇಶಿ ಪ್ರವಾಸಿಗರ ಪಟ್ಟಿಯನ್ನು ಎಲ್ಲರೂ ಉರು ಹೊಡೆಯುತ್ತೇವೆ. ನಿಕೊಲೊ ಕೊಂಟಿ, ಅಬ್ದುರ್ ರಜಾಕ್, ಪಾಯಸ್, ನ್ಯೂನಿಜ್. ಯಾರು ಯಾರ ಕಾಲದಲ್ಲಿ ಬಂದರು ಅಂತ ಗೊತ್ತಿದ್ದರೆ ಒಂದು ಮಾರ್ಕಿನ ಪ್ರಶ್ನೆಗೆ ಸಾಕು. ದೊಡ್ಡ ಪ್ರಶ್ನೆ ಬಂದಾಗ ಮಾತ್ರ ನಾವು ‘ಇವರೆಲ್ಲ ಕಣ್ಣಾರೆ ಕಂಡು ಬರೆದರು’ ಎಂದು ತೇಲಿಸಿಬಿಡುತ್ತೇವೆ. ಅದು ಅರ್ಧ ನಿಜ ಅಷ್ಟೆ. ಅದೇ ಮನುಷ್ಯ ಒಂದು ಪುಟದಲ್ಲಿ ತಾನು ನೋಡಿದ್ದನ್ನು ಬರೆದಿರುತ್ತಾನೆ, ಮುಂದಿನ ಪುಟದಲ್ಲಿ ಯಾರೋ ಹೇಳಿದ್ದನ್ನು. ಎರಡನ್ನೂ ಬೇರೆ ಮಾಡಿ ಓದಬೇಕು.

ಮೊದಲು ಡೊಮಿಂಗೊ ಪಾಯಸ್. ಪೋರ್ಚುಗೀಸ್‌ನವನು, 1520ರ ಹೊತ್ತಿಗೆ ಕೃಷ್ಣದೇವರಾಯನ ಕಾಲದಲ್ಲಿ ಬಂದವನು. ನನ್ನ ಪ್ರಕಾರ ಇವರೆಲ್ಲರಲ್ಲಿ ಜಾಸ್ತಿ ನಂಬಬಹುದಾದವನು ಇವನೇ. ಊರು ಎಷ್ಟು ದೊಡ್ಡದು ಅಂತ ಬರೆಯುವುದಿಲ್ಲ ಎನ್ನುತ್ತಾನೆ, ಯಾಕೆಂದರೆ ಒಂದೇ ಜಾಗದಿಂದ ಪೂರ್ತಿ ಊರು ಕಾಣುವುದಿಲ್ಲ. ಒಂದು ಗುಡ್ಡ ಹತ್ತಿ ನೋಡಿದರೂ ಬೆಟ್ಟಗಳ ಸಾಲು ಅಡ್ಡ ಬಂತು, ಕಂಡಷ್ಟು ಭಾಗವೇ ರೋಮ್ ನಗರದಷ್ಟಿತ್ತು ಎನ್ನುತ್ತಾನೆ. ಹಂಪಿಯ ಮಾತಂಗ ಬೆಟ್ಟ ಹತ್ತಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಎಲ್ಲಿ ನಿಂತು ನೋಡಿದೆ, ಏನು ಕಾಣಲಿಲ್ಲ ಅಂತ ಹೇಳುವ ಸಾಕ್ಷಿಗೆ ಬೆಲೆ ಹೆಚ್ಚು, ಅಲ್ವಾ?

ರಾಜನ ಬಗ್ಗೆಯೂ ಹಾಗೆಯೇ. ಮಧ್ಯಮ ಎತ್ತರ, ಬಿಳಿ ಮೈಬಣ್ಣ, ತೆಳ್ಳಗಿಲ್ಲ, ಸ್ವಲ್ಪ ದಪ್ಪ, ಮುಖದ ಮೇಲೆ ಸಿಡುಬಿನ ಕಲೆ. ಆಸ್ಥಾನದ ಕವಿ ಯಾರಾದರೂ ಸಿಡುಬಿನ ಕಲೆ ಬರೆಯುತ್ತಿದ್ದರೇ? ಇದು ಕಂಡದ್ದು. ಆದರೆ ರಾಜ ಬೆಳಗಾಗುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಹಚ್ಚಿಕೊಂಡು, ಕತ್ತಿವರಸೆ, ಕುಸ್ತಿ, ಕುದುರೆ ಸವಾರಿ ಮಾಡುತ್ತಿದ್ದ ಎನ್ನುವ ಭಾಗವಿದೆಯಲ್ಲ, ಅದು ಹೆಚ್ಚಾಗಿ ಕೇಳಿದ್ದೇ ಇರಬೇಕು. ಅರಮನೆಯ ಒಳಗೆ ಆ ಹೊತ್ತಿನಲ್ಲಿ ಪರದೇಶದವನನ್ನು ಯಾರು ಬಿಟ್ಟಾರು?

ರಾಜ ಕಟ್ಟಿಸುತ್ತಿದ್ದ ಕೆರೆಯ ಪ್ರಸಂಗ ನೋಡಿ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಕೆಲಸ ಮಾಡುತ್ತಿದ್ದರು, ಕಾಲಡಿಯ ನೆಲವೇ ಕಾಣುತ್ತಿರಲಿಲ್ಲ ಎಂದು ಪಾಯಸ್ ಬರೆಯುತ್ತಾನೆ. ಇದನ್ನು ‘ನಾನು ನೋಡಿದೆ’ ಎಂದೇ ಹೇಳುತ್ತಾನೆ. ಏರಿ ಒಡೆಯುತ್ತಿದ್ದುದರಿಂದ 60 ಜನರ ತಲೆ ಕಡಿಸಿ ಬಲಿ ಕೊಟ್ಟರು ಎನ್ನುವುದೂ ಅಲ್ಲೇ ಇದೆ, ಆದರೆ ಅದಕ್ಕೆ ‘ನೋಡಿದೆ’ ಎನ್ನುವ ಮಾತಿಲ್ಲ. ನ್ಯೂನಿಜ್ ಇದೇ ಕಥೆಯಲ್ಲಿ ಬಲಿಯಾದವರು ಮರಣದಂಡನೆಗೆ ತಕ್ಕ ಕೈದಿಗಳು ಎನ್ನುತ್ತಾನೆ.

ಇನ್ನು ಅಬ್ದುರ್ ರಜಾಕ್. ಈಗಿನ ಅಫ್ಘಾನಿಸ್ತಾನದ ಹೆರಾತ್‌ನ ದೊರೆ ಶಾರುಖ್‌ನ ರಾಯಭಾರಿ, 1443ರಲ್ಲಿ ಎರಡನೇ ದೇವರಾಯನ ಕಾಲದಲ್ಲಿ ಬಂದವನು. ಇವನ ಬರಹದಲ್ಲಿ ರೋಮಾಂಚನ ಹುಟ್ಟಿಸುವ ಭಾಗ ಎಂದರೆ ರಾಜನ ಕೊಲೆ ಯತ್ನ. ರಾಜನ ಸಹೋದರ ಹೊಸ ಮನೆ ಕಟ್ಟಿಸಿ ದೊಡ್ಡವರನ್ನೆಲ್ಲ ಊಟಕ್ಕೆ ಕರೆಯುತ್ತಾನೆ. ಕೂಗು ಹೊರಗೆ ಕೇಳಬಾರದೆಂದು ನಗಾರಿ ಬಾರಿಸುತ್ತಿರುತ್ತಾರೆ, ಬಂದವರನ್ನು ಒಳಗೆ ಕರೆದು ಮುಗಿಸುತ್ತಾರೆ. ಆಮೇಲೆ ರಾಜನ ಮೇಲೇ ಕಠಾರಿ. ರಾಜ ಹೇಗೋ ಬದುಕಿಕೊಳ್ಳುತ್ತಾನೆ. ಓದಿದರೆ ಅಲ್ಲೇ ಕಂಬದ ಮರೆಯಲ್ಲಿ ನಿಂತಿದ್ದ ಅನ್ನಿಸುತ್ತದೆ! ಆದರೆ ಆಗ ತಾನು ಕಲ್ಲಿಕೋಟೆಯಲ್ಲಿದ್ದೆ ಎಂದು ರಜಾಕನೇ ಮೊದಲ ಸಾಲಲ್ಲಿ ಬರೆದಿದ್ದಾನೆ. ಸುಮಾರು 90 ವರ್ಷದ ನಂತರ ಬಂದ ನ್ಯೂನಿಜ್ ಕೂಡ ಹೆಚ್ಚು ಕಡಿಮೆ ಇಂಥದ್ದೇ ಕಥೆ ಹೇಳುತ್ತಾನೆ, ಅಲ್ಲಿ ಕೊಲ್ಲಲು ಬಂದ ಸಂಬಂಧಿಯೇ ಬೇರೆ, ರಾಜ ಕೊನೆಗೆ ಆ ಗಾಯದಿಂದಲೇ ಸಾಯುತ್ತಾನೆ. ಊರಲ್ಲಿ ಓಡಾಡುತ್ತಿದ್ದ ಕಥೆ ಬಾಯಿಂದ ಬಾಯಿಗೆ ಬದಲಾಗಿದೆ.

ಫರ್ನಾವೊ ನ್ಯೂನಿಜ್ ಕುದುರೆ ವ್ಯಾಪಾರಿ, ಅಚ್ಯುತರಾಯನ ಕಾಲದವನು. ಅದಕ್ಕೂ ಮೊದಲಿನ, ಕೃಷ್ಣದೇವರಾಯನ ರಾಯಚೂರು ಯುದ್ಧಕ್ಕೆ ಇವನೇ ದೊಡ್ಡ ಆಧಾರ. ಪೋರ್ಚುಗೀಸ್ ಕೋವಿಗಾರರು ಕೋಟೆಯ ಮೇಲೆ ತಲೆ ಹಾಕಿದವರನ್ನು ಹೊಡೆದುರುಳಿಸಿದ್ದು, ಆ ಸಮಯದಲ್ಲಿ ಕೆಳಗಿನವರು ಗೋಡೆಯ ಕಲ್ಲು ಕಿತ್ತದ್ದು, ಇಂಥ ವಿವರ ನೋಡಿದರೆ ಅಲ್ಲಿದ್ದವರ ಬಾಯಿಂದ ಬಂದದ್ದು ಎನ್ನಬಹುದು. ಆದರೆ ಯುದ್ಧದ ವರ್ಷ 1522 ಎನ್ನುತ್ತಾನೆ. ಅವನ ಬರಹವನ್ನು 1900ರಲ್ಲಿ ಇಂಗ್ಲಿಷ್‌ಗೆ ತಂದ ರಾಬರ್ಟ್ ಸೆವೆಲ್, ಅವನೇ ಕೊಟ್ಟ ಶನಿವಾರ, ಅಮಾವಾಸ್ಯೆ ಲೆಕ್ಕ ಹಾಕಿ 1520ರ ಮೇ 19 ಎಂದು ತೋರಿಸಿದ. ಕೃಷ್ಣದೇವರಾಯನ ಸೈನ್ಯದಲ್ಲಿ ಏಳು ಲಕ್ಷ ಕಾಲಾಳು ಎಂಬ ಸಂಖ್ಯೆಯನ್ನು ಉತ್ತರದಲ್ಲಿ ಬರೆಯುವಾಗ ‘ನ್ಯೂನಿಜ್ ಪ್ರಕಾರ’ ಎಂದು ಸೇರಿಸಿ. ಏಳು ಲಕ್ಷ ಜನರನ್ನು ಯಾರೂ ನಿಂತು ಎಣಿಸುವುದಿಲ್ಲ.

ವೆನಿಸ್‌ನ ವ್ಯಾಪಾರಿ ಕೊಂಟಿಯ ಬಗ್ಗೆ ಒಂದೇ ಮಾತು: ಅವನು ಕೈಯಾರೆ ಬರೆದದ್ದಲ್ಲ, ಊರಿಗೆ ಮರಳಿದ ಮೇಲೆ ಪೋಪನ ಕಾರ್ಯದರ್ಶಿ ಪೊಜಿಯೊಗೆ ಹೇಳಿ ಬರೆಸಿದ್ದು.

ಕೊನೆಗೆ ಸೀಸರ್ ಫ್ರೆಡರಿಕ್, ಇವನೂ ವೆನಿಸ್‌ನ ವ್ಯಾಪಾರಿ. ತಾಳೀಕೋಟೆ ಕದನ 1565, ಅವನು ಬಂದದ್ದು 1567. ಮನೆಗಳು ಇನ್ನೂ ನಿಂತಿವೆ, ಆದರೆ ಖಾಲಿ ಎನ್ನುತ್ತಾನೆ. ಏಳು ತಿಂಗಳು ಅಲ್ಲೇ ಇದ್ದವನು, ಹಾಗಾಗಿ ಇದಕ್ಕೆ ತೂಕವಿದೆ. ಆ ಮನೆಗಳಲ್ಲಿ ಈಗ ಹುಲಿಗಳಿವೆಯಂತೆ ಎಂದೂ ಬರೆದಿದ್ದಾನೆ, ಅದು ಅವನೇ ಒಪ್ಪಿಕೊಳ್ಳುವಂತೆ ಜನ ಹೇಳಿದ್ದು. ವಿಜಯನಗರದ ರಾಮರಾಯನ ಸೈನ್ಯದಲ್ಲಿದ್ದ ಇಬ್ಬರು ಮುಸ್ಲಿಂ ಸೇನಾಪತಿಗಳು ಯುದ್ಧದ ನಡುವೆ ತಿರುಗಿಬಿದ್ದದ್ದೇ ಸೋಲಿಗೆ ಕಾರಣ ಎನ್ನುವ ಮಾತೂ ಇವನದೇ, ಎಷ್ಟೋ ಪರೀಕ್ಷೆಯ ಗೈಡ್‌ಗಳಲ್ಲಿ ಇದು ಹೆಸರೇ ಇಲ್ಲದೆ ಸತ್ಯದ ಹಾಗೆ ಕೂತಿರುತ್ತದೆ. ಕದನ ನಡೆದ ದಿನ ಅವನು ರಣರಂಗದಲ್ಲಿ ಇರಲಿಲ್ಲ. ರಾಮರಾಯನ ಸೋಲಿಗೆ ಕಾರಣ ಬರೆಯುವಾಗ ಇದನ್ನು ಬಿಡಬೇಕಾಗಿಲ್ಲ, ‘ಎರಡು ವರ್ಷದ ನಂತರ ಫ್ರೆಡರಿಕ್ ಕೇಳಿದ ಪ್ರಕಾರ’ ಎಂದು ಬರೆದರಾಯಿತು.