ಸೆಡಾನ್ ಕಾರಲ್ಲಿ ಬೇಸ್ ಡಿಕ್ಕಿಯಲ್ಲೇ ಉಳ್ಕೊಂಡ್ರೆ ಏನ್ ಮಾಡೋದು

ನನ್ನ ಹತ್ರ ಬರೋ ಸೆಡಾನ್ ಗಾಡಿಯವರ ದೂರು ಹೆಚ್ಚುಕಮ್ಮಿ ಒಂದೇ ಥರ. 12 ಇಂಚಿನ ಸಬ್ (ಬೇಸ್ ಮಾತ್ರ ಬಾರಿಸೋ ದೊಡ್ಡ ಸ್ಪೀಕರ್, ಸಬ್‌ವೂಫರ್) ಇದೆ, ಅದಕ್ಕೆ ಪವರ್ ಕೊಡೋ ಒಳ್ಳೆ ಆಂಪ್ ಇದೆ, ಗಾಡಿ ಹಿಂದೆ ನಿಂತ್ರೆ ನಂಬರ್ ಪ್ಲೇಟ್ ಅದುರೋದು ಕಣ್ಣಿಗೆ ಕಾಣತ್ತೆ, ಒಳಗೆ ಬಂದು ಡ್ರೈವರ್ ಸೀಟಲ್ಲಿ ಕೂತ್ರೆ ಮಾತ್ರ ಪಕ್ಕದ ಮನೇಲಿ ಯಾರೋ ಹಾಡು ಹಾಕಿರೋ ಹಾಗೆ ಕೇಳತ್ತೆ. ಅದೇ ಬಾಕ್ಸು ಹಳೇ ಹ್ಯಾಚ್‌ಬ್ಯಾಕಲ್ಲಿ ಎದೆಗೆ ಗುದ್ದೋದು ಅಂತಾರೆ, ಆಮೇಲೆ "ಆಂಪ್ ದೊಡ್ಡದು ಹಾಕ್ಲಾ, ಇಲ್ಲ ಇನ್ನೊಂದು ಸಬ್ ತಗೊಳ್ಲಾ" ಅಂತ ಕೇಳ್ತಾರೆ. ಆ ಎರಡಕ್ಕೂ ಮುಂಚೆ ನೋಡ್ಬೇಕಾಗಿರೋದು ಬೇರೆ ಇದೆ, ಡಿಕ್ಕಿಯಲ್ಲಿ ಹುಟ್ಟಿದ ಬೇಸು ನೀವು ಕೂತಿರೋ ಜಾಗಕ್ಕೆ ಯಾವ ದಾರೀಲಿ ಬರತ್ತೆ ಅನ್ನೋದು.

ಹ್ಯಾಚ್‌ಬ್ಯಾಕಲ್ಲಿ ಡಿಕ್ಕಿಗೂ ಕ್ಯಾಬಿನ್‌ಗೂ ಇರೋದು ಒಂದೇ ಗಾಳಿ, ಟ್ರೇ ಎತ್ತಿದ್ರೆ ಮಧ್ಯ ಏನೂ ಅಡ್ಡ ಇಲ್ಲ. ಸೆಡಾನಲ್ಲಿ ಹಿಂದಿನ ಸೀಟಿನ ಬೆನ್ನಿಗೆ ದಪ್ಪ ಫೋಮು, ಸುಮಾರು ಗಾಡಿಗಳಲ್ಲಿ ಅದರ ಹಿಂದೆ ತಗಡು, ಮೇಲೆ ಹಿಂದಿನ ಗಾಜಿನ ಕೆಳಗಿರೋ ಪಾರ್ಸೆಲ್ ಟ್ರೇದು ಇನ್ನೊಂದು ತಗಡು, ಅದರ ಮೇಲೆ ಬಟ್ಟೆ ಹೊದಿಸಿದ ರಟ್ಟು, ಇಷ್ಟೂ ದಾಟಿ ಬರ್ಬೇಕು. ರೋಡ್ ಸೌಂಡು, ಟೈರ್ ಸೌಂಡು ಒಳಗೆ ಬರದೇ ಇರೋದಕ್ಕೆ ಇದೇ ಗೋಡೆ ಸಹಾಯ ಮಾಡತ್ತೆ, ನಿಮ್ಮ ಸಬ್ಬಿಗೆ ಅಡ್ಡ ಬರೋದೂ ಅದೇ.

ಗಾಡಿಯೊಳಗೆ ಬೇಸಿಗೆ ಒಂದು ಅನುಕೂಲಾನೂ ಇದೆ, ಕ್ಯಾಬಿನ್ ಗೇನ್ ಅಂತಾರೆ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗತ್ತೆ, ಹಾಗಾಗಿ 50 ಹರ್ಟ್ಸ್‌ನ ಒಂದು ಅಲೆ ಹತ್ತಿರ ಹತ್ತಿರ 7 ಮೀಟರ್ ಉದ್ದ, 30 ಹರ್ಟ್ಸ್‌ದು 11 ಮೀಟರ್ ದಾಟತ್ತೆ. ಕ್ಯಾಬಿನ್ ಉದ್ದ ಎರಡೂವರೆ, ಮೂರು ಮೀಟರ್ ಅಷ್ಟೇ. ಅರ್ಧ ಅಲೇನೂ ಒಳಗೆ ಹಿಡಿಸದೇ ಇರೋ ಫ್ರೀಕ್ವೆನ್ಸಿಗಳಲ್ಲಿ, ಅಂದ್ರೆ ಸುಮಾರು 60 ಹರ್ಟ್ಸ್‌ಗಿಂತ ಕೆಳಗೆ, ಸಬ್ಬು ಇಡೀ ಕ್ಯಾಬಿನ್‌ನ ಗಾಳಿನ ಒಟ್ಟಿಗೆ ಒತ್ತೋಕೆ ಶುರು ಮಾಡತ್ತೆ, ಅಲ್ಲಿಂದ ಕೆಳಗೆ ಇಳಿದಷ್ಟೂ ಗಾಡಿನೇ ಬೇಸ್ ಏರಿಸಿಕೊಡತ್ತೆ, ಲೆಕ್ಕದಲ್ಲಿ ಆಕ್ಟೇವ್‌ಗೆ, ಅಂದ್ರೆ ಫ್ರೀಕ್ವೆನ್ಸಿ ಅರ್ಧ ಆದಾಗೆಲ್ಲ, 12 ಡೆಸಿಬೆಲ್ ತನಕ. ಗಾಜು, ತಗಡು, ಸಂದಿ ಎಲ್ಲ ಇರೋದ್ರಿಂದ ಅಷ್ಟೂ ಕೈಗೆ ಸಿಗಲ್ಲ, ಆದ್ರೂ ಸಿಗೋದು ಕಮ್ಮಿ ಏನಲ್ಲ. ಆದ್ರೆ ಆ ಒತ್ತಡ ಕ್ಯಾಬಿನ್ನಿಗೆ ಬಂದ್ರೆ ತಾನೇ! ಡಿಕ್ಕಿಯಲ್ಲೇ ಉಳ್ಕೊಂಡ್ರೆ ನಂಬರ್ ಪ್ಲೇಟ್ ಅದುರ್ಸೋಕಷ್ಟೇ ಆಯ್ತು.

ಖರ್ಚಿಲ್ಲದೆ ಮಾಡ್ಬಹುದಾದ ಒಂದು ಪರೀಕ್ಷೆ ಇದೆ. ಬೇಸ್ ಗಿಟಾರ್ ಚೆನ್ನಾಗಿ ಕೇಳೋ ಒಂದು ಹಾಡು ಹಾಕಿ, ವಾಲ್ಯೂಮ್ ಮುಟ್ಟಬೇಡಿ, ನೀವು ಮುಂದೆ ಕೂತಿರಿ, ಇನ್ನೊಬ್ಬರಿಗೆ ಹಿಂದಿನ ಸೀಟಿನ ಬೆನ್ನು ಮಡಿಸೋಕೆ ಹೇಳಿ. ಮಡಚದ ಸೀಟಾದ್ರೆ ಆರ್ಮ್‌ರೆಸ್ಟ್ ಹಿಂದಿನ ಸಣ್ಣ ಬಾಗಿಲು ತೆಗಿಸಿ. ತಕ್ಷಣ ಬೇಸ್ ತುಂಬ್ಕೊಂಡ್ರೆ ನಿಮ್ಮ ಸಬ್ಬು, ಆಂಪು ಎರಡೂ ಸರಿ ಇದೆ, ದಾರಿ ಮುಚ್ಚಿದೆ ಅಷ್ಟೇ. ಏನೂ ವ್ಯತ್ಯಾಸ ಆಗ್ಲಿಲ್ಲ ಅಂದ್ರೆ ಬಾಕ್ಸು, ವೈರಿಂಗು, ಫೇಸು (ಸಬ್ಬಿನ ಅಲೆ ಬೇರೆ ಸ್ಪೀಕರಿನ ಅಲೆಗೆ ತಾಳೆ ಆಗ್ತಿದ್ಯಾ, ಉಲ್ಟಾ ಇದ್ಯಾ ಅನ್ನೋದು) ಇವುಗಳ ಕಡೆ ನೋಡ್ಬೇಕು.

ಈಗ ಬಾಕ್ಸ್ ಯಾವ ಕಡೆ ಮುಖ ಮಾಡ್ಬೇಕು ಅನ್ನೋದಕ್ಕೆ ಬರ್ತೀನಿ, ಸೆಡಾನಲ್ಲಿ ಅತಿ ಹೆಚ್ಚು ಕೆಡೋದು ಇಲ್ಲೇ. ಸುಮಾರು ಜನ ಬಾಕ್ಸನ್ನ ಸೀಟಿನ ಬೆನ್ನಿಗೆ ಆನಿಸಿ, ಸಬ್ಬಿನ ಮುಖ ಸೀಟಿನ ಕಡೆಗೇ ತಿರುಗಿಸಿ ಇಡ್ತಾರೆ, ಜನ ಇರೋ ಕಡೆಗೆ ಮುಖ ಇದ್ರೆ ಜಾಸ್ತಿ ಕೇಳತ್ತೆ ಅಂತ. ಆದ್ರೆ ಬೇಸ್ ಟಾರ್ಚ್ ಬೆಳಕಲ್ಲ, ಎಲ್ಲಾ ಕಡೆಗೂ ಹರಡತ್ತೆ. ಬಾಕ್ಸ್ ಸುತ್ತ ಸಂದಿ ಬಿಟ್ಟಿದ್ರೆ ಅದೇ ಅಲೆ ಹಿಂದಕ್ಕೂ ಹೋಗಿ ಟೈಲ್ ಲೈಟ್ ಹತ್ರದ ತಗಡಿಗೆ ತಗುಲಿ ವಾಪಸ್ ಬರತ್ತೆ. ಡಿಕ್ಕಿ ಒಂದು ಮೀಟರ್ ಆಳ ಅಂದ್ಕೊಳ್ಳಿ, ಹೋಗಿ ಬರೋಕೆ 2 ಮೀಟರ್. 86 ಹರ್ಟ್ಸ್ ಆಸುಪಾಸಿನ ಅಲೆಗೆ 2 ಮೀಟರ್ ಅಂದ್ರೆ ಸರಿಯಾಗಿ ಅರ್ಧ ಅಲೆ, ಅಂದ್ರೆ ವಾಪಸ್ ಬಂದಿದ್ದು ಹೊಸದಾಗಿ ಹೊರಡ್ತಿರೋದಕ್ಕೆ ಉಲ್ಟಾ ಆಗಿ ಸೇರಿ ಅದನ್ನ ಕೊಂದು ಹಾಕತ್ತೆ. ಡ್ರಮ್ಮಿನ ಕಿಕ್ಕಿಗೆ ಏಟು ಕೊಡೋ ಜಾಗಾನೇ ಅದು, ಅಲ್ಲೇ ಗುಂಡಿ ಬಿದ್ರೆ ಎಷ್ಟು ವಾಟ್ಸ್ ಹಾಕಿದ್ರೂ ತುಂಬಲ್ಲ, ಯಾಕಂದ್ರೆ ನೀವು ಜೋರು ಮಾಡಿದಷ್ಟು ವಾಪಸ್ ಬರೋ ಅಲೇನೂ ಜೋರಾಗತ್ತೆ.

ಹಾಗಾಗಿ ಎರಡರಲ್ಲಿ ಒಂದು ಮಾಡಿ. ಒಂದು, ಬಾಕ್ಸನ್ನ ಪೂರ್ತಿ ಹಿಂದಕ್ಕೆ ಒಯ್ದು ಸಬ್ಬಿನ ಮುಖ ಟೈಲ್ ಲೈಟ್ ಕಡೆಗೆ ಮಾಡಿ, ಮಧ್ಯ ಒಂದು ಗೇಣು ಜಾಗ ಬಿಡಿ, ಆಗ ಹೋಗಿ ಬರೋ ದೂರ ತೀರಾ ಸಣ್ಣದಾಗಿ ಎರಡೂ ಅಲೆ ಒಟ್ಟಿಗೇ ಹೊರಡತ್ತೆ. ಆ ಜಾಗ ಅಷ್ಟಷ್ಟೇ ಹೆಚ್ಚುಕಮ್ಮಿ ಮಾಡ್ತಾ ಕೇಳಿ ನೋಡಿ, ಒಂದೊಂದು ಗಾಡಿಗೆ ಒಂದೊಂದು ಥರ ಕೂರತ್ತೆ. ಇನ್ನೊಂದು, ನನಗೆ ಇಷ್ಟ ಆಗೋದು, ಸಬ್ಬಿನ ಮುಖ ಸೀಟಿನ ಕಡೆಗೇ ಇಟ್ಟು, ಬಾಕ್ಸಿಗೂ ಸೀಟಿನ ಹಿಂದಿನ ತೆರಪಿಗೂ ಮಧ್ಯ ಪ್ಲೈವುಡ್, ದಪ್ಪ ಫೋಮ್ ಹಾಕಿ ಸುತ್ತಲೂ ಸಂದಿ ಇಲ್ಲದ ಹಾಗೆ ಮುಚ್ಚಿಬಿಡೋದು. ಆಗ ಡಿಕ್ಕಿ ಲೆಕ್ಕಕ್ಕೇ ಬರಲ್ಲ, ಸಬ್ಬು ನೇರ ಕ್ಯಾಬಿನ್ನಿಗೇ ಬಾರಿಸತ್ತೆ, ಡಿಕ್ಕಿ ಬಾಗಿಲ ಗಡಗಡ ಸದ್ದೂ ಮುಕ್ಕಾಲು ಭಾಗ ಹೋಗತ್ತೆ. ಕೆಲಸ ಜಾಸ್ತಿ, ತಾಳ್ಮೆ ಬೇಕು, ಆದ್ರೆ ಫಲ ಬೇರೆ ಲೆವೆಲ್ಲು.

ಸೀಟು ಮಡಚಲ್ಲ, ಆರ್ಮ್‌ರೆಸ್ಟ್ ಬಾಗಿಲೂ ಇಲ್ಲ ಅನ್ನೋರಿಗೆ ಉಳಿಯೋದು ಪಾರ್ಸೆಲ್ ಟ್ರೇ. ಅಲ್ಲಿರೋ ಓವಲ್ ಸ್ಪೀಕರ್ ತೆಗೆದು ತೂತನ್ನ ಖಾಲಿ ಬಿಟ್ಟು ಮೇಲೆ ಗ್ರಿಲ್ ಮಾತ್ರ ಹಾಕಿದ್ರೆ ಬೇಸಿಗೆ ಎರಡು ಕಿಟಕಿ ತೆಗೆದ ಹಾಗೆ. ಸ್ಪೀಕರ್ ಬಿಡೋಕೆ ಮನಸ್ಸಿಲ್ಲ ಅಂದ್ರೆ ಅದರ ಬೆನ್ನಿಗೆ ಕವರ್ ಹಾಕ್ಲೇಬೇಕು, ಯಾಕಂದ್ರೆ ಡಿಕ್ಕಿಯಲ್ಲಿ ಸಬ್ ಒತ್ತಿದಾಗೆಲ್ಲ ಆ ಓವಲ್ ಕೋನುಗಳು ತಾವೇ ಹೊರಗೆ ಒಳಗೆ ಆಡ್ತಾ ಅದರಲ್ಲಿ ಬರೋ ಹಾಡೂ ಕೆಡತ್ತೆ. ತೂತು ದೊಡ್ಡದು ಮಾಡೋಕೆ ಅಂತ ಟ್ರೇ ತಗಡನ್ನ ಮಾತ್ರ ಕತ್ತರಿಸ್ಬೇಡಿ, ಅದು ಬಾಡಿಯ ಗಟ್ಟಿತನದ ಭಾಗ, ಮಕ್ಕಳ ಸೀಟಿನ ಕೊಕ್ಕೆ ಸಹ ಸುಮಾರು ಗಾಡಿಗಳಲ್ಲಿ ಅಲ್ಲೇ ಇರತ್ತೆ. ಹಾಗೇ ಕ್ಯಾಬಿನ್ ಗಾಳಿ ಹೊರಗೆ ಹೋಗೋ ದಾರಿನೂ ಎಷ್ಟೋ ಗಾಡಿಗಳಲ್ಲಿ ಈ ಟ್ರೇ, ಡಿಕ್ಕಿ ಮೂಲಕವೇ, ಕೆಲವು ಹೈಬ್ರಿಡ್ ಗಾಡಿಗಳಲ್ಲಂತೂ ಹಿಂದಿನ ಸೀಟಿನ ಹತ್ರ ಬ್ಯಾಟರಿ ತಣ್ಣಗಿಡೋ ಗಾಳಿ ಕಂಡಿ ಇರತ್ತೆ, ಅದನ್ನ ಯಾವ ಕಾರಣಕ್ಕೂ ಮುಚ್ಚಬಾರದು.

ಬಾಕ್ಸ್ ಸೀಲ್ಡಾ (ಪೂರ್ತಿ ಮುಚ್ಚಿದ್ದು) ಪೋರ್ಟೆಡ್ಡಾ (ಗಾಳಿ ಆಡೋಕೆ ಕೊಳವೆ ಥರದ ತೂತಿರೋದು) ಅನ್ನೋ ಜಗಳ ಮುಗಿಯೋದೇ ಇಲ್ಲ. ಸೀಲ್ಡ್ ಬಾಕ್ಸ್ ಕೆಳಗೆ ಆಕ್ಟೇವ್‌ಗೆ 12 ಡೆಸಿಬೆಲ್ ಇಳಿಯತ್ತೆ, ಕ್ಯಾಬಿನ್ ಗೇನ್ ಹೆಚ್ಚುಕಮ್ಮಿ ಅಷ್ಟೇ ಏರತ್ತೆ, ಎರಡೂ ಸೇರಿದ್ರೆ ತೀರಾ ಕೆಳಗಿನ ತನಕ ಸಮವಾಗಿ ಕೇಳತ್ತೆ. ಪೋರ್ಟೆಡ್ ಬಾಕ್ಸ್ ಟ್ಯೂನ್ ಮಾಡಿದ ಜಾಗದ ಸುತ್ತ ಜೋರು, ಅದರ ಕೆಳಗೆ 24 ಡೆಸಿಬೆಲ್ ಲೆಕ್ಕದಲ್ಲಿ ಬೀಳತ್ತೆ, ಅಲ್ಲಿ ಕೋನ್ ಹಿಡಿಯೋಕೆ ಒಳಗಿನ ಗಾಳಿ ಇರಲ್ಲ, ಆದ್ದರಿಂದ ತೀರಾ ಕೆಳಗಿನ ಫ್ರೀಕ್ವೆನ್ಸಿ ತಡೆಯೋ ಸಬ್‌ಸೋನಿಕ್ ಫಿಲ್ಟರ್ ಹಾಕದೆ ಬಾರಿಸಬಾರದು. ಹಾಡು ಕೇಳೋರಿಗೆ ನಾನು ಸೀಲ್ಡೇ ಹೇಳೋದು, ದಾರಿ ತೀರಾ ಇಕ್ಕಟ್ಟಿರೋ ಸೆಡಾನಿಗೆ ಪೋರ್ಟೆಡ್ ಒಪ್ಕೊಳ್ತೀನಿ. 12 ಇಂಚಿಗೆ ಸಾಮಾನ್ಯವಾಗಿ ಸೀಲ್ಡ್ ಅಂದ್ರೆ 28ರಿಂದ 35 ಲೀಟರ್, ಪೋರ್ಟೆಡ್ ಅಂದ್ರೆ 50 ಲೀಟರ್ ಮೇಲೇನೇ ಬೇಕಾಗತ್ತೆ, ಆದ್ರೆ ಸಬ್ ಜೊತೆ ಬರೋ ಹಾಳೆಯಲ್ಲಿ ಥೀಲ್-ಸ್ಮಾಲ್ ಅಂಕಿಗಳು ಇರ್ತಾವಲ್ಲ, ನೆವಿಲ್ ಥೀಲ್ 1961ರಲ್ಲಿ ಶುರು ಮಾಡಿ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ಮುಂದುವರಿಸಿದ ಲೆಕ್ಕ ಅದು, ಅದನ್ನ ನೋಡಿ ಬಾಕ್ಸ್ ಮಾಡ್ಸಿ, ಅಂದಾಜಲ್ಲಿ ಬೇಡ. 18 ಎಂಎಂ ಎಂಡಿಎಫ್ ಸಾಕು, ಒಳಗೆ ಒಂದು ಅಡ್ಡಪಟ್ಟಿ ಇರ್ಲಿ, ಗಾಳಿ ಎಲ್ಲೂ ಸೋರಬಾರದು.

ಇನ್ನು ಮುಂದಿನ ಡೋರ್ ಸ್ಪೀಕರ್ ವಿಷಯ. ಎದೆಗೆ ಗುದ್ದೋದು ಅಂತ ನೀವು ಏನು ಹೇಳ್ತೀರೋ ಅದರ ಬಹುಪಾಲು 80ರಿಂದ 200 ಹರ್ಟ್ಸ್ ನಡುವೆ ಇರತ್ತೆ, ಅದು ಸಬ್ಬಿನ ಕೆಲಸ ಅಲ್ಲ. ಡೋರ್ ಪ್ಯಾಡ್ ಬಿಚ್ಚಿದ್ರೆ ಒಳಗಿನ ತಗಡಲ್ಲಿ ಕೈ ತೂರುವಷ್ಟು ದೊಡ್ಡ ತೂತುಗಳಿರತ್ತೆ, ಮೇಲೆ ತೆಳು ಪ್ಲಾಸ್ಟಿಕ್ ಅಂಟಿಸಿರ್ತಾರೆ. ಕೋನಿನ ಹಿಂದಿನ ಗಾಳಿ ಆ ತೂತಿಂದ ಬಂದು ಮುಂದಿನ ಗಾಳಿ ಜೊತೆ ಸೇರಿ ಎರಡೂ ರದ್ದಾಗತ್ತೆ. ಆ ತೂತುಗಳನ್ನ ಗಟ್ಟಿಯಾಗಿ ಮುಚ್ಚಿ, ಹೊರಗಿನ ತಗಡಿಗೆ ಬ್ಯೂಟೈಲ್ ಡ್ಯಾಂಪಿಂಗ್ ಶೀಟ್ ಅಂಟಿಸಿ, ಕೆಳಗೆ ನೀರು ಹೋಗೋ ಕಂಡಿ ಮಾತ್ರ ಬಿಟ್ಟು. ಸ್ಪೀಕರ್ ಬದಲಾಯಿಸದೇನೇ ಬೇಸ್ ಎದ್ದು ನಿಲ್ಲತ್ತೆ, ಎಷ್ಟೋ ಜನ ಇಷ್ಟಕ್ಕೇ ಖುಷಿಯಾಗಿ ಸಬ್ ಬೇಡ ಅಂದಿದ್ದೂ ಇದೆ.

ಸಬ್ಬಿಗೆ 80 ಹರ್ಟ್ಸ್‌ಗಿಂತ ಮೇಲಿನದು ಹೋಗದ ಹಾಗೆ ಕಟ್ ಮಾಡಿ, ಡೋರ್ ಸ್ಪೀಕರಿಗೆ 80ರ ಕೆಳಗೆ ಕಳಿಸಬೇಡಿ, ಅಲ್ಲಿಂದ ಶುರು ಮಾಡಿ. ಇಲ್ಲೊಂದು ಸೂಕ್ಷ್ಮ ಇದೆ. ಡ್ರೈವರಿಗೆ ಡೋರ್ ಸ್ಪೀಕರಿಗಿಂತ ಡಿಕ್ಕಿ ಸಬ್ ಸುಮಾರು 2 ಮೀಟರ್ ಹೆಚ್ಚು ದೂರ, ಶಬ್ದ ಅದನ್ನ ದಾಟೋಕೆ 5.8 ಮಿಲಿಸೆಕೆಂಡ್ ತಗೊಳ್ಳತ್ತೆ, 80 ಹರ್ಟ್ಸ್‌ನ ಅರ್ಧ ಸುತ್ತು 6.25 ಮಿಲಿಸೆಕೆಂಡ್. ಅಂದ್ರೆ ಎರಡೂ ಸೇರೋ ಜಾಗದಲ್ಲೇ ಒಂದಕ್ಕೊಂದು ಹೆಚ್ಚುಕಮ್ಮಿ ಉಲ್ಟಾ! ಆಂಪಲ್ಲಿರೋ 0, 180 ಅನ್ನೋ ಫೇಸ್ ಸ್ವಿಚ್ ಇರೋದು ಇದಕ್ಕೇ. 80 ಹರ್ಟ್ಸ್ ಟೋನ್ ಹಾಕಿ, ಡ್ರೈವರ್ ಸೀಟಲ್ಲಿ ಕೂತು, ಇನ್ನೊಬ್ಬರ ಕೈಲಿ ಸ್ವಿಚ್ ಬದಲಾಯಿಸಿ, ಯಾವುದರಲ್ಲಿ ಜೋರೋ ಅದೇ ಸರಿ. ಟೈಮ್ ಅಲೈನ್‌ಮೆಂಟ್ ಇರೋ ಸ್ಟೀರಿಯೋ ಆದ್ರೆ ಇನ್ನೂ ಒಳ್ಳೇದು, ಹತ್ರ ಇರೋ ಮುಂದಿನ ಸ್ಪೀಕರುಗಳನ್ನ ಆ ಲೆಕ್ಕಕ್ಕೆ ತಡ ಮಾಡಿ. ಇದು ಸರಿಹೋದ್ರೆ ಬೇಸ್ ಡಿಕ್ಕಿ ಬಿಟ್ಟು ಡ್ಯಾಶ್‌ಬೋರ್ಡ್ ಕಡೆಯಿಂದ ಬರ್ತಿರೋ ಹಾಗೆ ಕೇಳತ್ತೆ, ಈ ಕೆಲಸದಲ್ಲಿ ನನಗೆ ಅತಿ ಖುಷಿ ಕೊಡೋದು ಆ ಕ್ಷಣವೇ.

ವಾಟ್ಸ್ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಡಬ್ಬದ ಮೇಲಿನ ಮ್ಯಾಕ್ಸ್ ಪವರ್ ಬಿಟ್ಟು ಆರ್‌ಎಂಎಸ್, ಅಂದ್ರೆ ಬಿಡದೆ ಕೊಡೋಕಾಗೋ ಪವರ್, ನೋಡಿ. ಪವರ್ ಡಬಲ್ ಮಾಡಿದ್ರೆ ಸಿಗೋದು 3 ಡೆಸಿಬೆಲ್ ಅಷ್ಟೇ, ಮೇಲೆ ಹೇಳಿದ ದಾರಿ ಕೆಲಸದ ಮುಂದೆ ಅದು ಏನೂ ಅಲ್ಲ. ಬೇಸ್ ಬೂಸ್ಟ್ ಸೊನ್ನೇಲಿರ್ಲಿ, 12 ಡೆಸಿಬೆಲ್ ಏರಿಸೋದು ಅಂದ್ರೆ ಆ ಫ್ರೀಕ್ವೆನ್ಸಿಗೆ 16 ಪಟ್ಟು ಪವರ್ ಕೇಳಿದ ಹಾಗೆ, ಆಂಪ್ ತನ್ನ ಮಿತಿ ಮುಟ್ಟಿ ಅಲೆಯ ತುದಿ ಕತ್ತರಿಸಿ (ಕ್ಲಿಪ್ ಆಗಿ) ಸಬ್ಬಿನ ಕಾಯಿಲ್ ಸುಡತ್ತೆ. ಆಂಪಲ್ಲಿರೋ ಗೇನ್ ಅನ್ನೋದು ವಾಲ್ಯೂಮ್ ಅಲ್ಲ, ಸ್ಟೀರಿಯೋ ಸಿಗ್ನಲ್ಲಿಗೆ ಆಂಪನ್ನ ಹೊಂದಿಸೋದು. ಸಬ್ ವೈರ್ ಬಿಚ್ಚಿ, 50 ಹರ್ಟ್ಸ್ ಟೋನ್ ಹಾಕಿ, ಸ್ಟೀರಿಯೋ ಮುಕ್ಕಾಲು ವಾಲ್ಯೂಮಲ್ಲಿಟ್ಟು ಆಂಪ್ ಔಟ್‌ಪುಟ್ಟಲ್ಲಿ ಮಲ್ಟಿಮೀಟರ್ ಹಿಡಿದು ಎಸಿ ವೋಲ್ಟ್ ನೋಡ್ತಾ ಗೇನ್ ಏರಿಸಿ. ವಾಟ್ಸನ್ನ ಓಮಿಂದ ಗುಣಿಸಿ ವರ್ಗಮೂಲ ತೆಗೆದ್ರೆ ಎಷ್ಟು ವೋಲ್ಟಿಗೆ ನಿಲ್ಲಿಸ್ಬೇಕು ಅಂತ ಸಿಗತ್ತೆ, 300 ವಾಟ್ಸ್ 4 ಓಮ್ ಆದ್ರೆ ಸುಮಾರು 34.6 ವೋಲ್ಟ್. 500 ವಾಟ್ಸ್ ಆರ್‌ಎಂಎಸ್ ಆಂಪ್ ಪೂರ್ತಿ ಬಾರಿಸಿದ್ರೆ 45 ಆಂಪಿಯರ್ ಹತ್ರ ಎಳೆಯತ್ತೆ, ಅದಕ್ಕೆ 4 ಗೇಜ್ ತಾಮ್ರದ ವೈರೇ ಬೇಕು, ತಾಮ್ರ ಲೇಪಿಸಿದ ಅಲ್ಯುಮಿನಿಯಂ ವೈರ್ ಆದ್ರೆ ಅದಕ್ಕಿಂತ ದಪ್ಪದ್ದು. ಬ್ಯಾಟರಿಯಿಂದ ಒಂದೂವರೆ ಅಡಿ ಒಳಗೆ ಫ್ಯೂಸ್ ಇಲ್ಲದೆ ವೈರ್ ಎಳೆಯೋಕೆ ಯಾರಿಗೂ ಬಿಡ್ಬೇಡಿ, ಬೆಂಕಿ ವಿಷಯ ಇದು. ಗ್ರೌಂಡ್ ವೈರ್ ಗಿಡ್ಡ ಇರ್ಲಿ, ಪೇಂಟ್ ಕೆರೆದು ತಗಡಿಗೇ ಬೋಲ್ಟ್ ಆಗ್ಲಿ.

ಕೊನೇಲಿ ಉಳಿಯೋದು ಗಡಗಡ ಸದ್ದು. ಸಣ್ಣ ವಾಲ್ಯೂಮಲ್ಲಿ 30ರಿಂದ 100 ಹರ್ಟ್ಸ್ ತನಕ ನಿಧಾನ ಏರೋ ಟೋನ್ ಹಾಕಿ ಒಂದೊಂದೇ ಜಾಗ ಕೈಯಿಂದ ಅದುಮಿ ನೋಡಿ, ಸದ್ದು ನಿಂತ ಜಾಗವೇ ಕಳ್ಳ. ನಂಬರ್ ಪ್ಲೇಟ್ ಹಿಂದೆ ಫೋಮ್ ಟೇಪ್, ಟ್ರೇ ರಟ್ಟಿಗೂ ತಗಡಿಗೂ ನಡುವೆ ಫೋಮ್ ಶೀಟ್, ಹಿಂದಿನ ಗಾಜಿನ ಹತ್ರದ ಬ್ರೇಕ್ ಲೈಟಿನ ಕವರ್, ಡಿಕ್ಕಿ ಬಾಗಿಲ ಕೀಲಿನ ಉದ್ದ ಸರಳು, ಸೀಟ್ ಬೆಲ್ಟಿನ ಬಕಲ್, ಜ್ಯಾಕ್ ಇಟ್ಟಿರೋ ಜಾಗ, ಇಷ್ಟರಲ್ಲೇ ಮುಕ್ಕಾಲು ಪಾಲು ಸಿಕ್ಕಿಬೀಳತ್ತೆ, ಉಳಿದಿದ್ದನ್ನ ಗಾಡಿ ಓಡಿಸ್ತಾ ಪಕ್ಕದಲ್ಲಿ ಕೂತವರ ಕೈಲಿ ಹುಡುಕಿಸಿ.